ಇಪ್ಪತ್ತೊಂದು ಪುಟದ ಪರೀಕ್ಷೆ

2022ರ ನವೆಂಬರ್ 14, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಸೊಲ್ಲಾಪುರದ ಒಂದು ಸರ್ಕಾರಿ ಆಸ್ಪತ್ರೆಯ ಕಣ್ಣಿನ ಕೋಣೆಯಲ್ಲಿ ನನಗೆ ಇಪ್ಪತ್ತೊಂದಕ್ಕೆ ಇಪ್ಪತ್ತೊಂದು ಅಂಕ ಬಂತು. ಸತತ ಹತ್ತನೇ ತಿಂಗಳು. ಬಿ.ಎಸ್ಸಿ. ರಸಾಯನಶಾಸ್ತ್ರದಲ್ಲಿ ಕೂಡ ನಾನು ಹೀಗೆ ಬೆಳಗಿದವನಲ್ಲ.

ಪರೀಕ್ಷೆ ಸರಳ. ಅಂಚು ಸವೆದ ಒಂದು ಪುಸ್ತಕ. ಪುಟಕ್ಕೊಂದು ವೃತ್ತ, ವೃತ್ತದ ತುಂಬ ಬಣ್ಣದ ಚುಕ್ಕೆಗಳು. ಹಸಿರು ಚುಕ್ಕೆಗಳ ನಡುವೆ ಕೆಂಪು ಚುಕ್ಕೆಗಳು ಸೇರಿ ಒಂದು ಅಂಕಿಯಾಗಿರುತ್ತವೆ. ಕಂಡದ್ದನ್ನು ಹೇಳಬೇಕು, ಅಷ್ಟೇ.

"ಹನ್ನೆರಡು. ಎಂಟು. ಆರು. ಇಪ್ಪತ್ತೊಂಬತ್ತು. ಐವತ್ತೇಳು..."

"ಮಾಸ್ತರ್, ಪುಟ ತಿರುವೋಕಾದ್ರೂ ಬಿಡಿ," ಎಂದರು ಶೆಂಡಗೆ ಸಿಸ್ಟರ್. ನಾನು ಅವರ ಬೆರಳಿಗಿಂತ ಒಂದು ಪುಟ ಮುಂದೆ ಓಡಿದ್ದೆ.

"ಅಭ್ಯಾಸ, ಸಿಸ್ಟರ್."

"ಬಣ್ಣದ ಮಾಸ್ತರ್ ಅಲ್ವಾ! ಕಣ್ಣು ಅಂದ್ರೆ ಇವರದು," ಎಂದು ಅವರು ಕಾರ್ಡಿನಲ್ಲಿ ಬರೆದುಕೊಂಡರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಆ ವಿನಯವನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಯಾಕೆಂದರೆ ಆ ದಿನ ನನಗೆ ನಿಜವಾಗಿ ಕಂಡದ್ದು ಏಳೆಂಟು ಪುಟ. ಉಳಿದವುಗಳಲ್ಲಿ ಕಂಡದ್ದು ಬೂದಿಯಲ್ಲಿ ಹೊರಳಿಸಿದ ಹೆಸರುಕಾಳಿನಂಥ ಬೂದು ರಾಶಿ.

ನನ್ನ ಹೆಸರು ಜನಾರ್ದನ ಮೇರ್ಗು. ವಯಸ್ಸು ನಲವತ್ತೊಂದು. ಟವೆಲ್ಲಿನ ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆಯಲ್ಲಿ ಹದಿನೇಳು ವರ್ಷ ಬಣ್ಣದ ಮಾಸ್ತರ. ಗಿರಾಕಿ ಒಂದು ಚೂರು ಬಟ್ಟೆ ಕೊಟ್ಟರೆ ಅದೇ ಬಣ್ಣ ನೂಲಿನಲ್ಲಿ ತರಬೇಕು. ಒಂದು ಎಳೆಯಷ್ಟೂ ಹೆಚ್ಚುಕಮ್ಮಿಯಾಗಬಾರದು. ಆ ವರ್ಷ ಜನವರಿಯಲ್ಲಿ ನನಗೆ ಟಿ.ಬಿ. ಎಂದಾಯಿತು, ಅದೂ ಮಾಮೂಲಿ ಗುಳಿಗೆಗೆ ಜಗ್ಗದ ಟಿ.ಬಿ. ಮಾಮೂಲಿಯದಾಗಿದ್ದರೆ ಆರು ತಿಂಗಳು. ನನ್ನದಕ್ಕೆ ಇಪ್ಪತ್ತು. ಒಳ್ಳೆಯ ವಿದ್ಯಾರ್ಥಿಗೆ ಕಷ್ಟದ ಪತ್ರಿಕೆಯೇ ಸಿಗಬೇಕು ಎಂದುಕೊಂಡೆ. ರೋಗದ ವಿಷಯದಲ್ಲೂ ನನಗೆ ಅಂಥದೊಂದು ಜಂಬವಿತ್ತು.

ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟೆ. ಬೆಳಿಗ್ಗೆ ಎಷ್ಟು ಗುಳಿಗೆ, ಎಷ್ಟು ಹೊತ್ತಿಗೆ ವಾಕರಿಕೆ, ತೂಕ, ಮೂತ್ರದ ಬಣ್ಣ. ಐದನೇ ತಿಂಗಳಿಗೆ ಒಂದು ಗುಳಿಗೆ ನನ್ನ ಚರ್ಮವನ್ನೇ ಕಂದಾಗಿಸತೊಡಗಿತು. ಬಣ್ಣದ ಮಾಸ್ತರನಿಗೇ ಬಣ್ಣ ಹಾಕಿದ ಗುಳಿಗೆ! ನಾನು ಕನ್ನಡಿಯ ಮುಂದೆ ನಿಂತು ನಮ್ಮ ಕಾರ್ಖಾನೆಯ ಬಣ್ಣದ ಪಟ್ಟಿ ಕೆನ್ನೆಗೆ ಹಿಡಿದು ನೋಡಿ ಬರೆದೆ: "ಕೆಂಗಂದು, ಗಾಢತೆ ಶೇಕಡ ಎರಡೂವರೆ. ಎಲ್ಲ ಕಡೆ ಒಂದೇ ಸಮ ಹಿಡಿದಿದೆ. ಒಗೆತಕ್ಕೆ ಬಾಳಿಕೆ: ಐದಕ್ಕೆ ಐದು." ನಮ್ಮ ಕಾರ್ಖಾನೆಯಿಂದ ಅಂಥ ಪಕ್ಕಾ ಮಾಲು ಎಂದೂ ಹೊರಬಿದ್ದಿರಲಿಲ್ಲ.

ಎಂಟನೇ ತಿಂಗಳಿಗೆ ಕಾಲ್ಬೆರಳು ಜೋಮು ಹಿಡಿದವು. ಒಂದು ಸಂಜೆ ಹಾಲು ತರಲು ಹೋದವನು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದೆ. ಇನ್ನೊಂದು ಎಲ್ಲಿ ಕಳಚಿತೋ ಕಾಲಿಗೇ ಗೊತ್ತಿರಲಿಲ್ಲ. ಹೆಂಡತಿ ಸುಲೋಚನಾ ಹಾಲಿನ ಚೀಲ ಇಸಿದುಕೊಂಡು ಕೆಳಗೆ ನೋಡಿ ಹೇಳಿದಳು: "ಹಾಲು ಸರಿಯಾಗಿ ತಂದ್ರಲ್ಲ, ಪುಣ್ಯ. ನಾಳೆ ಪ್ಯಾಂಟ್ ಇರುತ್ತೋ ಇಲ್ವೋ ನೋಡ್ಕೊಂಡು ಬನ್ನಿ."

ಕಾಲಿನ ವಿಷಯ ಡಾಕ್ಟರಿಗೆ ಹೇಳಿದೆ. ಅವರು ವಿಟಮಿನ್ ಹೆಚ್ಚಿಸಿದರು, ಉದ್ದನೆಯ ಬಿಳಿ ಗುಳಿಗೆಯನ್ನು ಅರ್ಧಕ್ಕಿಳಿಸಿದರು. ಕಣ್ಣಿನ ವಿಷಯ ಹೇಳಲಿಲ್ಲ. ಅಪರಾಧ ಅದು.

ಮೊದಲ ದಿನವೇ ಡಾ. ಬಾಗವಾನ್ ಸ್ಪಷ್ಟವಾಗಿ ಹೇಳಿದ್ದರು: "ಈ ಬಿಳಿ ಗುಳಿಗೆ ನಿಮ್ಮ ಎದೆಗೆ ಒಳ್ಳೇದು, ಕಣ್ಣಿಗೆ ಕೆಟ್ಟದ್ದು. ಎಲ್ಲರಿಗೂ ಆಗಲ್ಲ. ಆಗೋರಿಗೆ ಮೊದಲು ಬಣ್ಣ ಮಾಸುತ್ತೆ. ಮಾಸಿತು ಅನ್ಸಿದ್ರೆ ಅದೇ ದಿನ ಬನ್ನಿ, ನಿಲ್ಲಿಸ್ತೀನಿ. ಬೇಗ ನಿಲ್ಲಿಸಿದ್ರೆ ಕಣ್ಣು ಹಿಂದಕ್ಕೆ ಬರುತ್ತೆ. ತಡ ಮಾಡಿದ್ರೆ ನಾನು ಜವಾಬ್ದಾರಿ ಅಲ್ಲ." ಅದನ್ನೂ ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಅದೇ ಡೈರಿಯಲ್ಲಿ, ಮೊದಲ ತಿಂಗಳು, ಕಣ್ಣು ಚೆನ್ನಾಗಿದ್ದಾಗ, ಪುಸ್ತಕದ ಇಪ್ಪತ್ತೊಂದು ಉತ್ತರಗಳನ್ನೂ ಪುಟದ ಕ್ರಮದಲ್ಲಿ ಬರೆದಿಟ್ಟಿದ್ದೆ. ಮೋಸ ಮಾಡುವ ಉದ್ದೇಶದಿಂದಲ್ಲ. ಅಂಕಿ ಕಂಡರೆ ಬರೆದಿಡುವುದು ನನ್ನ ಚಟ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ಮುನ್ನ ಡೈರಿ ತಿರುವುವುದೂ ಚಟ. ಪರೀಕ್ಷೆ ಎಂದಮೇಲೆ ಓದಿಕೊಂಡು ಹೋಗದಿದ್ದರೆ ನನಗೆ ಸಮಾಧಾನವಿಲ್ಲ. ನಾಲ್ಕನೇ ತಿಂಗಳಿಗೆ ಬಾಯಿಪಾಠವಾಗಿತ್ತು. ಕೆಲವು ಪುಟಕ್ಕೆ "ಏನೂ ಇಲ್ಲ" ಎಂಬುದೇ ಸರಿಯುತ್ತರ. ಅದನ್ನೂ ತಕ್ಕ ಜಾಗದಲ್ಲಿ ಹೇಳುತ್ತಿದ್ದೆ.

ಸೆಪ್ಟೆಂಬರ್ ಕೊನೆಗೆ ಬಣ್ಣ ಮಾಸಿತು. ನನ್ನಷ್ಟು ಬೇಗ ಅದನ್ನು ಗಮನಿಸಿದ ರೋಗಿ ಇರಲಿಕ್ಕಿಲ್ಲ, ನನ್ನಷ್ಟು ಜಾಣತನದಿಂದ ಅಲ್ಲಗಳೆದವನೂ ಇರಲಿಕ್ಕಿಲ್ಲ. ಟೊಮೆಟೊ ಮಂಕಾಗಿ ಕಂಡಿತು: ಶೀತಲಗೃಹದ ಮಾಲು ಎಂದೆ. ಸುಲೋಚನಾಳ ಕುಂಕುಮ ಕಂದಾಗಿ ಕಂಡಿತು: ಕಲಬೆರಕೆ ಎಂದೆ. ಮನೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ ಎಂದು ಎರಡು ಸಲ ಟ್ಯೂಬ್ ಬದಲಾಯಿಸಿದೆ. ವಿಜ್ಞಾನ ಓದಿದವನ ಅನುಕೂಲ ಇದು. ಕಣ್ಣೊಂದನ್ನು ಬಿಟ್ಟು ಲೋಕದಲ್ಲಿ ಯಾವುದು ಬೇಕಾದರೂ ಕೆಟ್ಟಿರಬಹುದು ಎಂದು ತೋರಿಸಿಕೊಡಬಲ್ಲ.

ಕಾರಣ ಎರಡಿದ್ದವು. ಗುಳಿಗೆ ನಿಲ್ಲಿಸಿದರೆ ಚಿಕಿತ್ಸೆಯನ್ನು ಮೊದಲಿನಿಂದ ಶುರು ಮಾಡಬೇಕೇನೋ ಎಂಬ ಭಯ. ಹತ್ತು ತಿಂಗಳ ವಾಂತಿ ವ್ಯರ್ಥ. ಇನ್ನೊಂದು ನಮ್ಮ ಕಾರ್ಖಾನೆಯ ಮಾಲೀಕ ಯೇಮುಲ್ ಸೇಠರ ಫೋನು. "ಮೇರ್ಗು, ಜಾಗ ಹಿಡಿದಿಟ್ಟಿದ್ದೀನಿ. ಎದೆ ನಿಧಾನಕ್ಕೆ ರಿಪೇರಿ ಆಗ್ಲಿ. ಕಣ್ಣು ಸರಿ ಇದೆ ತಾನೆ?"

"ಇಪ್ಪತ್ತೊಂದಕ್ಕೆ ಇಪ್ಪತ್ತೊಂದು, ಸೇಠ್."

"ಹಂಗಾದ್ರೆ ಸರಿ."

ಆ ಸೋಮವಾರ ಕಣ್ಣಿನ ಕೋಣೆಯಿಂದ ಹೊರಗೆ ಬಂದಾಗ ಪ್ರಾಜಕ್ತಾ ಎಂಬ ಹುಡುಗಿ ಕಾಯುತ್ತಿದ್ದಳು. ರೋಗಿಗಳ ಬದುಕು ಹೇಗಿದೆ ಎಂದು ಕೇಳಿ ಒಂದು ಸಂಶೋಧನೆಗಾಗಿ ಫಾರಂ ತುಂಬಿಕೊಳ್ಳುವ ಕೆಲಸ ಅವಳದು. ಇಪ್ಪತ್ತಾರು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಸುಲೋಚನಾ ಪಕ್ಕದ ಬೆಂಚಿನಲ್ಲಿ ಮೊಟ್ಟೆ ಸುಲಿಯುತ್ತಿದ್ದಳು. ದಿನಕ್ಕೆರಡು ಮೊಟ್ಟೆ ಎಂದು ಡಾಕ್ಟರ್ ಹೇಳಿದ್ದರು. ಅವಳು ಎಲ್ಲಿದ್ದರೂ ಸುಲಿದು ಬಾಯಿಗೆ ಹಿಡಿಯುತ್ತಿದ್ದಳು.

"ಅಂಕಲ್, ಜೀವನವನ್ನ ಎಷ್ಟು ಸಂತೋಷದಿಂದ ಅನುಭವಿಸ್ತಿದ್ದೀರಿ?"

"ಐದು."

"ನಿದ್ದೆ?"

"ಐದು."

ಬೆಂಚಿನ ಕಡೆಯಿಂದ ಒಂದು ಕೆಮ್ಮು ಬಂತು. ಅವಳಿಗೆ ರೋಗವಿರಲಿಲ್ಲ.

"ನಿಮ್ಮ ರೂಪದ ಬಗ್ಗೆ ತೃಪ್ತಿ ಇದೆಯಾ?"

"ಬಣ್ಣ ಒಂದೇ ಸಮ ಹಿಡಿದಿದೆ. ಐದು."

"ಮಗಾ," ಎಂದಳು ಸುಲೋಚನಾ, "ಇವರಿಗೆ ಐದು ಕೊಡು, ಹತ್ತಿದ್ರೆ ಹತ್ತು ಕೊಡು. ಆದ್ರೆ ನಂಗೊಂದು ಫಾರಂ ಕೊಡು. ರಾತ್ರಿ ಎರಡಕ್ಕೆದ್ದು ಗೋಡೆಗೆ ಬೈಯೋರ ಪಕ್ಕ ಮಲಗೋಳ ನಿದ್ದೆಗೆ ಎಷ್ಟು ಅಂಕ ಅಂತ ಬರೀತೀನಿ."

"ಮನೆಯೋರಿಗೆ ಫಾರಂ ಇಲ್ಲ ಕಾಕೂ," ಎಂದಳು ಪ್ರಾಜಕ್ತಾ, ನಿಜವಾಗಿಯೇ ಬೇಸರಪಟ್ಟು.

"ಇರಲ್ಲ ಬಿಡು. ಇದ್ದಿದ್ರೆ ನಿಮ್ಮ ಲೆಕ್ಕ ಎಲ್ಲಾ ಬದಲಾಗ್ತಿತ್ತು."

ನಾನು ನೂರ ಮೂವತ್ತಕ್ಕೆ ನೂರ ಇಪ್ಪತ್ತೆಂಟು ತೆಗೆದುಕೊಂಡು ಬಂದೆ. ಎರಡು ಅಂಕ ಯಾಕೆ ಬಿಟ್ಟೆನೆಂದರೆ, ಪೂರ್ತಿ ಬಂದರೆ ಸಂಶೋಧಕರಿಗೆ ಅನುಮಾನ ಬರುತ್ತದೆ.

ನಮ್ಮ ಮನೆ ಬೀಡಿ ಕಾರ್ಮಿಕರ ಬಡಾವಣೆಯಾದ ವಿಡಿ ಘರ್ಕುಲ್‌ನಲ್ಲಿ. ನಮ್ಮ ಪದ್ಮಸಾಲಿ ನೇಕಾರರ ಹೆಂಗಸರು ಹೆಚ್ಚಿನವರು ಬೀಡಿ ಕಟ್ಟುತ್ತಾರೆ. ಸುಲೋಚನಾಳೂ ಕಟ್ಟುತ್ತಾಳೆ, ಪಕ್ಕದ ಕೋಣೆಯಲ್ಲಿರುವ ನನ್ನ ಅಕ್ಕ, ಅಂದರೆ ಅವಳ ವದಿನಾ, ಎಲ್ಲೂಬಾಯಿಯೂ ಕಟ್ಟುತ್ತಾಳೆ. ಇಬ್ಬರೂ ಬೇರೆ ಬೇರೆ ಕಂಪನಿಗೆ. ಕಂಪನಿಗೊಂದು ದಾರದ ಬಣ್ಣ: ಹೆಂಡತಿಯದು ಕೆಂಪು, ಅಕ್ಕನದು ಹಸಿರು. ಎದೆಯ ರೋಗಿಯ ಮನೆಯಲ್ಲಿ ತಂಬಾಕು ಏಕೆ ಎಂದು ಆಸ್ಪತ್ರೆಯವರು ಕೇಳಿದಾಗಿನಿಂದ ಇಬ್ಬರೂ ಹೊರಗಿನ ಕಟ್ಟೆಯ ಮೇಲೆ ಕೂತು ಕಟ್ಟುತ್ತಿದ್ದರು. ಎಲೆ, ತಂಬಾಕು ನಾನು ಮುಟ್ಟುವಂತಿರಲಿಲ್ಲ. ಆದರೆ ಹತ್ತು ತಿಂಗಳು ಕೈಕಟ್ಟಿ ಕೂರುವುದಾದರೂ ಹೇಗೆ? ಕಾಡಿಬೇಡಿ ಒಂದು ಖಾತೆ ಗಿಟ್ಟಿಸಿದ್ದೆ. ಕಟ್ಟಿದ ಬೀಡಿಗಳನ್ನು ಇಪ್ಪತ್ತೈದರಂತೆ ಎಣಿಸಿ ದಾರ ಸುತ್ತಿ ಕಂತೆ ಮಾಡುವುದು. ಕಫದಲ್ಲಿ ರೋಗಾಣು ಕಾಣದೆ ಏಳು ತಿಂಗಳಾಗಿತ್ತು. ಆ ಬೀಡಿ ಸೇದುವವರಿಗೆ ನನ್ನಿಂದ ಅಪಾಯವಿರಲಿಲ್ಲ, ಬೀಡಿಯಿಂದಲೇ ಇದ್ದದ್ದು.

ಗುರುವಾರ ಬೆಳಿಗ್ಗೆ ಇಬ್ಬರೂ ಒಳಗೆ ಜೋಳದ ಭಾಕರಿ ಬಡಿಯುತ್ತಿದ್ದಾಗ ನಾನು ಕಟ್ಟೆಯ ಮೇಲೆ ಸುಲೋಚನಾಳ ನಲವತ್ತು ಕಂತೆ ಕಟ್ಟಿದೆ. ಎರಡು ದಾರದ ಉಂಡೆ ಪಕ್ಕಪಕ್ಕದಲ್ಲಿದ್ದವು. ಬೇರೆ ಬೇರೆ ಡಬ್ಬಿಯಲ್ಲಿಡುವ ನಿಯಮ ಮಾಡಿದವನು ನಾನೇ. ಆ ದಿನ ಅವನ್ನು ಡಬ್ಬಿಯಿಂದ ತೆಗೆದವನೂ ನಾನೇ. ಸುಲೋಚನಾ ಅವಸರದಲ್ಲಿ ಬಂದು ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಕಂಪನಿಯ ಕೇಂದ್ರಕ್ಕೆ ಹೋದಳು.

ಒಂದೂವರೆ ಗಂಟೆಯಲ್ಲಿ ಬುಟ್ಟಿಯೊಂದಿಗೇ ಹಿಂದಕ್ಕೆ ಬಂದಳು. ಬೈಯುತ್ತಾ ಬಂದಿದ್ದರೆ ನನಗೆ ಧೈರ್ಯವಿರುತ್ತಿತ್ತು. ಬಂದವಳೇ ಬುಟ್ಟಿಯನ್ನು ನನ್ನ ಮುಂದೆ ಮೆಲ್ಲನೆ ಇಟ್ಟಳು.

"ಏನಾಯ್ತೇ ಸುಲೂ?" ಎಂದು ಅಕ್ಕ ಕೇಳಿದಳು.

"ಮಾಲು ನೋಡೋನು ಎಲ್ಲರ ಮುಂದೆ ಎತ್ತಿ ತೋರಿಸ್ದ, ವದಿನಾ. 'ಬಾಯಿ, ನಮ್ಮ ಕಂಪನೀದೂ ಪಕ್ಕದ ಕಂಪನೀದೂ ಮದುವೆ ಮಾಡ್ಸಿದ್ದೀಯಲ್ಲ' ಅಂದ. ಹದಿನೇಳು ಕಂತೆ ಹಸಿರು." ಬಟ್ಟೆ ಸರಿಸಿದಳು. "ಇವರು ಕಟ್ಟಿದ್ದು."

ನಾನು ಕಂತೆಗಳನ್ನು ನೋಡಿದೆ. ನಲವತ್ತೂ ಒಂದೇ ಬಣ್ಣವಾಗಿದ್ದವು.

"ಬೆಳಗಿನ ಮಂಜಲ್ಲಿ ಬೆಳಕು ಚದುರುತ್ತೆ," ಎಂದೆ. "ಉದ್ದ ಅಲೆಯ ಬೆಳಕು, ಅಂದ್ರೆ ಕೆಂಪು..."

"ಈಗ ಮಂಜಿದೆಯಾ?"

ಹನ್ನೊಂದು ಗಂಟೆಯ ಸೊಲ್ಲಾಪುರದ ಬಿಸಿಲು ಕಟ್ಟೆಯ ಮೇಲೆ ಬೆಂಕಿಯಂತೆ ಬಿದ್ದಿತ್ತು. ಅವಳು ಎರಡು ಉಂಡೆ ತಂದು ನನ್ನ ಮಂಡಿಯ ಮುಂದೆ ಇಟ್ಟಳು. "ಕೆಂಪು ಯಾವುದು?"

ನಾನು ಎರಡನ್ನೂ ನೋಡಿದೆ. ಒಂದು ಸ್ವಲ್ಪ ಗಾಢ ಎನಿಸಿತು, ಮರುಕ್ಷಣ ಇನ್ನೊಂದು. ಕೊನೆಗೆ ಗಾಢವೆನಿಸಿದ್ದನ್ನು ಮುಟ್ಟಿದೆ.

ಅವಳು ಎರಡನ್ನೂ ಎತ್ತಿಕೊಂಡು, ಬೆನ್ನ ಹಿಂದೆ ಅದಲುಬದಲು ಮಾಡಿ ಮತ್ತೆ ಇಟ್ಟಳು. ಮತ್ತೆ ಕೇಳಿದಳು. ಹೀಗೆ ಆರು ಸಲ. ಏಳನೇ ತರಗತಿಯವರೆಗೆ ಓದಿದ ಹೆಂಗಸು ಕಟ್ಟೆಯ ಮೇಲೆ ಕೂತು, ನಾನು ಹತ್ತು ತಿಂಗಳಲ್ಲಿ ಮಾಡದ ಪ್ರಯೋಗವನ್ನು ಮಾಡಿ ಮುಗಿಸಿದಳು. ಆರರಲ್ಲಿ ಮೂರು ಸರಿಯಾಯಿತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ.

"ಅಯ್ಯೋ ಜನಾ," ಎಂದು ಅಕ್ಕ ಬಾಯಿಗೆ ಸೆರಗು ಹಿಡಿದಳು.

"ಆಸ್ಪತ್ರೇಲಿ ಪೂರ್ತಿ ಅಂಕ ಹೆಂಗೆ ಬಂತು?" ಸುಲೋಚನಾಳ ದನಿ ಏರಲಿಲ್ಲ. "ಮೂರು ದಿನದ ಹಿಂದೆ?"

ನಾನು ಒಳಗೆ ಹೋಗಿ ಡೈರಿ ತಂದು, ಮೊದಲ ತಿಂಗಳ ಪುಟ ತೆಗೆದು ಅವಳ ಮುಂದಿಟ್ಟೆ. ಇಪ್ಪತ್ತೊಂದು ಅಂಕಿ, ಕ್ರಮಸಂಖ್ಯೆ ಸಮೇತ, ಮುತ್ತಿನಂಥ ಅಕ್ಷರದಲ್ಲಿ. ಅವಳು ಬೆರಳಿಟ್ಟು ಓದಿದಳು.

"ಕಾಪಿ ಹೊಡೆದ್ರಾ?"

"ಕಾಪಿ ಅಂತಲ್ಲ. ಬಾಯಿಪಾಠ."

"ಕಣ್ಣಿನ ಪರೀಕ್ಷೇಲಿ ಬಾಯಿಪಾಠ! ವದಿನಾ, ಕೇಳಿಸ್ಕೊಂಡ್ರಾ? ನಿಮ್ಮ ತಮ್ಮ ಕಣ್ಣಿನ ಪರೀಕ್ಷೆಗೆ ಓದ್ಕೊಂಡು ಹೋಗ್ತಾರೆ." ಅವಳು ನಕ್ಕಳು. ಅಕ್ಕನೂ ನಕ್ಕಳು. ನನಗೂ ನಗು ಬಂತು. ಮೂವರೂ ಕಣ್ಣೊರೆಸಿಕೊಳ್ಳುವಷ್ಟು ನಕ್ಕೆವು. ಒರೆಸಿಕೊಂಡು ಆದಮೇಲೆ ಸುಲೋಚನಾಳ ಕಣ್ಣು ಮಾತ್ರ ಒಣಗಲಿಲ್ಲ.

"ಯಾರಿಗೆ ತೋರಿಸೋಕೆ ರೀ ಆ ಅಂಕ?"

"ಗುಳಿಗೆ ನಿಲ್ಲಿಸಿದ್ರೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ, ಸುಲೂ. ಮತ್ತೆ ಇಪ್ಪತ್ತು ತಿಂಗಳು. ಸೇಠ್ ಅಷ್ಟು ದಿನ ಜಾಗ ಹಿಡಿಯಲ್ಲ."

"ಡಾಕ್ಟ್ರು ಹಂಗಂದ್ರಾ?"

"ಇಲ್ಲ. ನಾನು ಊಹಿಸ್ದೆ."

"ಊಹಿಸಿದ್ರು!" ಡೈರಿಯನ್ನು ಪಟ್ಟನೆ ಮುಚ್ಚಿದಳು. "ಮೂತ್ರದ ಬಣ್ಣ ಬರೀತಾರೆ, ಚಪ್ಪಲಿ ಬಿದ್ದ ಟೈಮ್ ಬರೀತಾರೆ. ಡಾಕ್ಟ್ರನ್ನ ಒಂದು ಮಾತು ಕೇಳೋ ಜಾಗದಲ್ಲಿ ಮಾತ್ರ ಊಹೆ. ಇಪ್ಪತ್ತು ತಿಂಗಳು ಆಗ್ಲಿ, ನಲವತ್ತು ಆಗ್ಲಿ, ನಾನು ಮೊಟ್ಟೆ ಸುಲೀತೀನಿ. ಕುರುಡನ ಕೈ ಹಿಡ್ಕೊಂಡು ಓಡಾಡು ಅಂದ್ರೆ ಅದನ್ನೂ ಮಾಡ್ತೀನಿ. ಆದ್ರೆ ನೀವಾಗೇ ಕಣ್ಣು ಕಳ್ಕೊಂಡು ನಂಗೆ ಪೂರ್ತಿ ಅಂಕ ಅಂತ ಹೇಳಿದ್ರಲ್ಲ, ಅದನ್ನ ಹೆಂಗೆ ನುಂಗ್ಲಿ? ಏಳಿ. ಚಪ್ಪಲಿ ಹಾಕ್ಕೊಳ್ಳಿ. ಎರಡೂ."

ಡಾ. ಬಾಗವಾನ್ ಹೊರರೋಗಿಗಳನ್ನು ಮುಗಿಸಿ ಏಳುವುದರಲ್ಲಿದ್ದರು. ನಾನು ಡೈರಿ ಬಿಚ್ಚಿ ಸೆಪ್ಟೆಂಬರ್‌ನಿಂದ ಆದದ್ದನ್ನು ತಾರೀಖಿನ ಸಮೇತ ವರದಿ ಒಪ್ಪಿಸಿದೆ. ಟೊಮೆಟೊ, ಕುಂಕುಮ, ಟ್ಯೂಬ್‌ಲೈಟು, ದಾರ. ಅವರು ತಾರೀಖುಗಳನ್ನು ಒಂದೊಂದಾಗಿ ಗುರುತು ಹಾಕಿಕೊಂಡರು. ಮುಗಿದಮೇಲೆ ಕೇಳಿದರು:

"ನೀವು ಓದಿದ್ದು ವಿಜ್ಞಾನ ಅಲ್ವಾ?"

"ಹೌದು ಸರ್."

"ಓದದೇ ಇರೋ ರೋಗಿಗಳು ನಂಗೆ ಇಷ್ಟು ಕಷ್ಟ ಕೊಡಲ್ಲ, ಮೇರ್ಗು ಅವರೇ. ಕಾಣಲ್ಲ ಅಂದ್ರೆ ಕಾಣಲ್ಲ ಅಂತಾರೆ."

ಶೆಂಡಗೆ ಸಿಸ್ಟರ್ ಪುಸ್ತಕ ತಂದರು. ಮುಖ ಗಂಟಾಗಿತ್ತು, ನನ್ನ ಕಣ್ಣನ್ನು ಹೊಗಳಿ ಬರೆದವರು ಅವರು. ಈ ಸಲ ಪುಟಗಳನ್ನು ಹಿಂದೆ ಮುಂದೆ ಮಾಡಿ ಎಲ್ಲೆಂದರಲ್ಲಿ ತೆರೆದರು. ಮೊದಲ ಪುಟಕ್ಕೇ ನನ್ನ ಬಾಯಿ ತಾನಾಗಿ "ಹನ್ನೆರಡು" ಎಂದುಬಿಟ್ಟಿತು.

"ಅದು ಕೊನೇ ಪುಟ, ಮಾಸ್ತರ್."

"ಕಾಣ್ತಿಲ್ಲ, ಸಿಸ್ಟರ್," ಎಂದೆ. ಎರಡು ತಿಂಗಳಲ್ಲಿ ಆ ಕೋಣೆಯಲ್ಲಿ ನಾನು ಹೇಳಿದ ಮೊದಲ ನಿಜ. ಆಮೇಲೆ ಸುಲಭವಾಯಿತು. ಕಾಣ್ತಿಲ್ಲ, ಕಾಣ್ತಿಲ್ಲ, ಎಂಟು, ಕಾಣ್ತಿಲ್ಲ. ಪ್ರತಿ ಸಲ ಎದೆಯ ಮೇಲಿಂದ ಒಂದು ಕಲ್ಲು ಇಳಿಸಿಟ್ಟಂತೆ. ಆದರೆ ಸುಲೋಚನಾ ನನ್ನ ಬೆನ್ನ ಹಿಂದೆ ನಿಂತು ಆ ಕಲ್ಲುಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಾಳೆ ಎಂದು ಅವಳ ಉಸಿರಿನಿಂದ ತಿಳಿಯುತ್ತಿತ್ತು.

ಇಪ್ಪತ್ತೊಂದಕ್ಕೆ ಎಂಟು. ಹದಿನೇಳು ಬಂದರೆ ಸರಿಯಾದ ಕಣ್ಣು.

ಡಾಕ್ಟರ್ ಬಿಳಿ ಗುಳಿಗೆಯ ಹೆಸರನ್ನು ಚೀಟಿಯಲ್ಲಿ ಅಲ್ಲೇ ಹೊಡೆದುಹಾಕಿದರು. ಅದರ ಬದಲು ಬೇರೊಂದನ್ನು ಸೇರಿಸಿದರು.

"ಮೊದಲಿಂದ ಶುರು ಮಾಡ್ಬೇಕಾ ಸರ್?" ಎಂದು ಸುಲೋಚನಾ ಕೇಳಿದಳು. ನಾನು ಎರಡು ತಿಂಗಳು ಹೆದರಿ ಕೇಳದ ಪ್ರಶ್ನೆ.

"ಯಾಕೆ? ಕಫ ಚೆನ್ನಾಗಿದೆ. ಇದ್ದ ಕಡೆಯಿಂದಲೇ ಮುಂದಕ್ಕೆ."

ಎರಡು ಸೆಕೆಂಡಿನ ಉತ್ತರ. ಅದಕ್ಕಾಗಿ ನಾನು ತೆತ್ತದ್ದು ಐವತ್ತು ದಿನದ ಗುಳಿಗೆ; ಜೊತೆಗೆ ಎಷ್ಟು ಕಣ್ಣು ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

"ಹಿಂದಕ್ಕೆ ಬರುತ್ತಾ ಸರ್?" ಎಂದೆ.

"ಸೆಪ್ಟೆಂಬರಲ್ಲಿ ಬಂದಿದ್ರೆ ಹೂಂ ಅಂತಿದ್ದೆ. ಈಗ ಮೂರು ತಿಂಗಳು ಕಾಯಿರಿ."

ಹೊರಗೆ ಪ್ರಾಜಕ್ತಾ ಸಿಕ್ಕಳು. ಸೋಮವಾರದ ಫಾರಂ ಇನ್ನೂ ಕಳಿಸಿರಲಿಲ್ಲ. ವಾಪಸು ಕೇಳಿದೆ. ಒಂದೊಂದೇ ಪ್ರಶ್ನೆಗೆ ನಿಜ ಹೇಳುತ್ತಾ ಹೋದೆ: ನಿದ್ದೆ ಒಂದು, ಕೆಲಸ ಮಾಡುವ ಶಕ್ತಿ ಎರಡು, ರೂಪ ಎರಡು, ಭಯ ಇದೆಯೇ ಎಂದರೆ ಇದೆ. "ಮನೆಯವರಿಂದ ಸಿಗುವ ಬೆಂಬಲ?" ಎಂದು ಅವಳು ಕೇಳಿದಾಗ ನಾನು ತಿರುಗಿ ನೋಡಿದೆ. ಸುಲೋಚನಾ ಮೊಟ್ಟೆ ಸುಲಿಯುತ್ತಿದ್ದಳು.

"ಐದು," ಎಂದೆ.

"ಅದು ಕಾಪಿ ಅಲ್ಲ ತಾನೆ?" ಎಂದಳು ಸುಲೋಚನಾ ತಲೆಯೆತ್ತದೆ.

ನೂರ ಮೂವತ್ತಕ್ಕೆ ಐವತ್ತೊಂಬತ್ತು ಬಂತು. ಜೀವನದಲ್ಲಿ ಮೊದಲ ಸಲ ಫೇಲಾದೆ; ಆ ರಾತ್ರಿ ಚೆನ್ನಾಗಿ ನಿದ್ದೆ ಬಂದುದರಿಂದ ಒಂದು ಉತ್ತರ ಮರುದಿನಕ್ಕೇ ಸುಳ್ಳಾಯಿತು. ಸೇಠರಿಗೂ ಫೋನು ಮಾಡಿ ಹೇಳಿದೆ. ಅವರು "ನೋಡೋಣ" ಎಂದರು. ಡೈರಿಯಲ್ಲಿ ಅದನ್ನು ಬರೆದೆ, ಅರ್ಥ ಬರೆಯಲಿಲ್ಲ. ಊಹಿಸುವುದನ್ನು ಬಿಟ್ಟಿದ್ದೆ.

ಮೂರು ತಿಂಗಳು ದಾರದ ಖಾತೆ ಅಕ್ಕನ ವಶದಲ್ಲಿತ್ತು. ಉತ್ತರಗಳಿದ್ದ ಪುಟವನ್ನು ಸುಲೋಚನಾ ಹರಿದು ಒಲೆಗೆ ಹಾಕಿದಳು. ತಲೆಯೊಳಗಿನದನ್ನು ಹರಿಯಲು ಬರುವುದಿಲ್ಲವಲ್ಲ. ಅದಕ್ಕೆಂದೇ 2023ರ ಫೆಬ್ರವರಿ 20ರಂದು ಕಣ್ಣಿನ ಕೋಣೆಯಲ್ಲಿ ಶೆಂಡಗೆ ಸಿಸ್ಟರ್ ಪುಸ್ತಕವನ್ನು ಅವಳ ಕೈಗೇ ಕೊಟ್ಟರು. "ನೀವೇ ತೆರೀರಿ ತಾಯಿ. ನಿಮ್ಮ ಮುಂದೆ ಇವರ ಆಟ ನಡೆಯಲ್ಲ."

ಅವಳು ಇಸ್ಪೀಟು ಕಲಸುವವಳಂತೆ ಪುಟಗಳನ್ನು ಸರಸರನೆ ತಿರುವಿ ಒಂದು ಕಡೆ ಬೆರಳಿಟ್ಟಳು. ನಾನು ಕಾದೆ. ಬೂದು ರಾಶಿಯೊಳಗಿಂದ ನಿಧಾನವಾಗಿ, ನೂಲಿಗೆ ಮೊದಲ ಕುದಿಯಲ್ಲಿ ಬಣ್ಣ ಹತ್ತುವ ಹಾಗೆ, ಒಂದು ಏಳು ಮೇಲೆದ್ದಿತು.

"ಏಳು," ಎಂದೆ.

"ಓದಿದ್ದಾ, ಕಂಡಿದ್ದಾ?"

"ಕಂಡಿದ್ದು."

ಕಾಣದ ಪುಟಕ್ಕೆ ಕಾಣುತ್ತಿಲ್ಲ ಎಂದೆ. ಅನುಮಾನವಿದ್ದಲ್ಲಿ ಅನುಮಾನ ಎಂದೆ. ಅನುಮಾನದ ಪುಟಗಳನ್ನು ಸಿಸ್ಟರ್ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಯ ಪುಟ ಮುಚ್ಚಿ, ಕಾರ್ಡಿನಲ್ಲಿ ಗೀಟುಗಳನ್ನು ಎರಡು ಸಲ ಎಣಿಸಿ, ಅವರು ಅಂಕವನ್ನು ನನಗಲ್ಲ, ಸುಲೋಚನಾಳಿಗೆ ತೋರಿಸಿದರು: ಇಪ್ಪತ್ತೊಂದಕ್ಕೆ ಹದಿನಾಲ್ಕು.